ಬದಿಯಡ್ಕದ ಎಣ್ಣೆ ಮಿಲ್ಲು, ನಮ್ಮ ಕೊಪ್ಪರಕ್ಕೆ ನಮ್ಮದೇ ಎಣ್ಣೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆ ಹತ್ರದ ಈ ಮಿಲ್ಲಲ್ಲಿ ನಂಗೆ ತುಂಬ ಇಷ್ಟ ಆದದ್ದು, ನಾವು ಕೊಂಡೋದ ಕೊಪ್ಪರವನ್ನೇ ನಮ್ಮೆದುರು ಹಾಕಿ ಎಣ್ಣೆ ತೆಗೆದು ಕೊಡ್ತಾರೆ, ಬೇರೆಯವರದ್ದರ ಜೊತೆ ಮಿಕ್ಸ್ ಮಾಡುದಿಲ್ಲ. ಮುರಿದು ನೋಡಿ ಪಸೆ ಇದ್ರೆ ಇನ್ನೂ ಒಣಗಿಸಿ ತನ್ನಿ ಅಂತ ವಾಪಸ್ ಕಳಿಸ್ತಾರೆ, ಅದು ಸರಿಯೇ, ತೇವಾಂಶ 6% ಆಸುಪಾಸಿಗೆ ಇಳಿಯದಿದ್ರೆ ಕೊಪ್ಪರಕ್ಕೆ ಬೂಸ್ಟು ಬಂದು ಎಣ್ಣೆ ಬೇಗ ಹಾಳಾಗ್ತದೆ. ತೆಗೆದ ಎಣ್ಣೆ ಒಂದೆರಡು ದಿನ ಇಟ್ರೆ ಗಸಿ ತಳದಲ್ಲಿ ಕೂರ್ತದೆ, ಮೇಲಿನ ತಿಳಿ ಹಲಸಿನ ಹಪ್ಪಳ ಕಾಯಿಸ್ಲಿಕ್ಕೆ, ಅವಿಯಲಿಗೆ ಕೊನೆಗೆ ಹಾಕ್ಲಿಕ್ಕೆ, ಮಕ್ಕಳ ತಲೆಗೆ, ದೇವರ ದೀಪಕ್ಕೆ ಎಲ್ಲದಕ್ಕೂ ಅದೇ, ಹಿಂಡಿ ದನಕ್ಕೆ. ಪರಿಮಳ ಅಂತೂ ಅಡಿಗೆಕೋಣೆ ತುಂಬ! ಚಳಿಗೆ ಗಟ್ಟಿಯಾದ್ರೆ ಕಲಬೆರಕೆ ಅಂತ ಹೆದರ್ಬೇಡಿ, ಸುಮಾರು 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಹೆಪ್ಪುಗಟ್ಟುದೇ. ಮಳೆಗಾಲಕ್ಕೆ ಮುಂಚೆ ರಶ್ ಜಾಸ್ತಿ, ಬೆಳಿಗ್ಗೆಯೇ ಹೋಗಿ.