ರೂಗರ್ ಅಮೆರಿಕನ್ ಜೆನ್ 2: ಬಾಲೇವಾಡಿಯ ಗೆಳೆಯರು ತೂಗಿ ನೋಡಿದಂತೆ

ಪುಣೆಯ ಬಾಲೇವಾಡಿ ಕ್ರೀಡಾ ಸಂಕೀರ್ಣದಲ್ಲಿ ನಾವು ನಾಲ್ಕಾರು ಮಂದಿ ಕನ್ನಡಿಗರು .22 ರೈಫಲ್ ಹಿಡಿದು ಅಭ್ಯಾಸ ಮಾಡುವುದು 50 ಮೀಟರಿನಾಚೆಯ ಕಪ್ಪು ವೃತ್ತದ ಮೇಲೆ. ಅದರ ಹತ್ತು ಪಟ್ಟು ದೂರಕ್ಕೆ ಗುಂಡು ಕಳಿಸುವ ಬೇಟೆ ರೈಫಲ್‌ಗಳು ನಮಗೆ ಈವರೆಗೆ ಬರಿಯ ಓದಿನ ವಿಷಯವಾಗಿದ್ದವು. ಮಗಳ ಮನೆಗೆಂದು ಟೆಕ್ಸಾಸ್‌ಗೆ ಹೋಗಿದ್ದಾಗ, ಅಳಿಯ ಕೊಳ್ಳಬೇಕೆಂದು ಮನಸ್ಸು ಮಾಡಿದ್ದ ರೂಗರ್ ಕಂಪನಿಯ ಅಮೆರಿಕನ್ ಜೆನ್ 2 ಎಂಬ ಬೋಲ್ಟ್ ಆ್ಯಕ್ಷನ್ ರೈಫಲನ್ನು (ಪ್ರತಿ ಗುಂಡಿಗೂ ಬೋಲ್ಟ್ ಎಂಬ ಹಿಡಿಯುಳ್ಳ ಸರಳನ್ನು ಕೈಯಿಂದ ಎಳೆದು ತಳ್ಳಬೇಕಾದ ಬಗೆ) ಅವನ ಸಹೋದ್ಯೋಗಿಯೊಬ್ಬರಿಂದ ಪಡೆದು ಎರಡು ದಿನ ಪರೀಕ್ಷಿಸುವ ಅವಕಾಶ ನನಗೆ ಸಿಕ್ಕಿತು. ಪ್ರವಾಸಿ ವೀಸಾದಲ್ಲಿ ಹೋದವರು ಅಲ್ಲಿ ಬೇಟೆಯ ಪರವಾನಗಿ ಇಲ್ಲದೆ ಬಂದೂಕು ಮುಟ್ಟುವಂತಿಲ್ಲವಾದ್ದರಿಂದ, ಜೀವಮಾನದಲ್ಲಿ ಒಂದು ಪಾರಿವಾಳವನ್ನೂ ಹೊಡೆಯದ ನಾನು ಮೊದಲು ಹಣ ಕಟ್ಟಿ ಕಾಗದದ ಮೇಲೆ ಬೇಟೆಗಾರನಾಗಬೇಕಾಯಿತು. ಹಿಂತಿರುಗುವಾಗ ತೂತುಬಿದ್ದ ಗುರಿಹಾಳೆಗಳನ್ನು ಸುರುಳಿ ಸುತ್ತಿ ತಂದೆ. ಮುಂದಿನ ಭಾನುವಾರ ರೇಂಜ್‌ನ ಹೊರಗಿನ ಚಹಾದಂಗಡಿಯ ಮೇಜಿನ ಮೇಲೆ ಅವೇ ಸಾಕ್ಷಿಗಳಾದವು.

ಈ ರೈಫಲ್ ಮಾರುಕಟ್ಟೆಗೆ ಬಂದದ್ದು 2023ರ ಕೊನೆಯಲ್ಲಿ. ನಾನು ಹಿಡಿದದ್ದು 6.5 ಕ್ರೀಡ್‌ಮೂರ್ ಕಾಡತೂಸಿನದು, 20 ಅಂಗುಲದ ನಳಿಗೆಯದು. ಗುರಿ ನೋಡುವ ದೂರದರ್ಶಕ, ಅಂದರೆ ಸ್ಕೋಪ್, ಬಿಟ್ಟರೆ ತೂಕ ಸುಮಾರು 3 ಕಿಲೋ. ನಳಿಗೆಯ ಮೈಮೇಲೆ ಸುರುಳಿಯಾಕಾರದ ಗೀರುಗಳಿವೆ, ತುದಿಯಲ್ಲಿ ಗುಂಡು ಹಾರಿದಾಗ ಭುಜಕ್ಕೆ ಬೀಳುವ ಹಿಂದೊದೆತ ತಗ್ಗಿಸುವ ಮಜಲ್ ಬ್ರೇಕ್ ಇದೆ, ಲೋಹದ ಮೇಲೆ ತುಕ್ಕು ತಡೆಯುವ ಸೆರಾಕೋಟ್ ಲೇಪನವಿದೆ. ಇವೆಲ್ಲ ಕಣ್ಣಿಗೆ ಬೀಳುವ ಸಂಗತಿಗಳು. ನನಗೆ ಹಿಡಿಸಿದ್ದು ಹೆಬ್ಬೆರಳಿನ ಬುಡದಲ್ಲೇ ಕೂತ ಮೂರು ಸ್ಥಾನಗಳ ಸೇಫ್ಟಿ, ಅಂದರೆ ಗುಂಡು ತಾನಾಗಿ ಹಾರದಂತೆ ತಡೆಯುವ ಕೀಲಿ. ನಡುವಿನ ಸ್ಥಾನದಲ್ಲಿಟ್ಟರೆ ಟ್ರಿಗರ್ ಕಟ್ಟಿಹಾಕಿದಂತಿದ್ದು, ಬೋಲ್ಟ್ ಮಾತ್ರ ತೆರೆಯಬಹುದು. ಒಳಗಿನ ಕಾಡತೂಸನ್ನು ಎದೆಬಡಿತವಿಲ್ಲದೆ ಹೊರಗೆ ತೆಗೆಯಬಹುದು. ಬೋಲ್ಟ್ ತೆರೆಯಲು ಹಿಡಿಯನ್ನು 70 ಡಿಗ್ರಿ ಎತ್ತಿದರೆ ಸಾಕು, ಆದ್ದರಿಂದ ಬೆರಳು ಸ್ಕೋಪಿಗೆ ತಗಲುವುದಿಲ್ಲ. ಆದರೆ ಅಷ್ಟೇ ಕಡಿಮೆ ತಿರುವಿನಲ್ಲಿ ಒಳಗಿನ ಸ್ಪ್ರಿಂಗನ್ನೂ ಅದುಮಬೇಕಾಗುವುದರಿಂದ ಮೊದಲ ಎತ್ತಿಗೆ ಮಣಿಕಟ್ಟು ಸ್ವಲ್ಪ ಬಲ ಕೇಳುತ್ತದೆ.

ನೂರು ಗಜದಲ್ಲಿ ಹಾರಿಸಿದ ಮೊದಲ ಐದು ಗುಂಡುಗಳು ಅಂಗೈ ಅಗಲಕ್ಕೆ ಚೆಲ್ಲಾಪಿಲ್ಲಿಯಾದಾಗ ನಾನು ಬಂದೂಕನ್ನೂ ಬೈದೆ, ನನ್ನ ಕಣ್ಣನ್ನೂ ಬೈದೆ. ಎರಡರದೂ ತಪ್ಪಿರಲಿಲ್ಲ. ಸ್ಕೋಪ್ ಕೂರಿಸಿಕೊಟ್ಟಿದ್ದ ಅಂಗಡಿಯವರು ಅದನ್ನು ಹಿಡಿದಿಡುವ ಮುಂದಿನ ಬಳೆಯ ಒಂದು ತಿರುಪನ್ನು ಬಿಗಿಮಾಡದೆ ಬಿಟ್ಟಿದ್ದರು. ಉಗುರಿನಿಂದ ತಿರುಗಿಸಿದರೆ ತಿರುಗುತ್ತಿತ್ತು. ಬಿಗಿದ ಮೇಲೆ ಹಾರಿಸಿದ ಐದರಲ್ಲಿ ಮೂರು ತೂತುಗಳನ್ನು ಹತ್ತು ರೂಪಾಯಿ ನಾಣ್ಯವೊಂದು ಮುಚ್ಚಿತು, ಉಳಿದೆರಡು ಅದರ ಅಂಚಿಗೆ ಬಿದ್ದವು. 700 ಡಾಲರಿನ ಆಸುಪಾಸಿನಲ್ಲಿ ಸಿಗುವ ರೈಫಲೊಂದು, ಪೆಟ್ಟಿಗೆಯಿಂದ ತೆಗೆದ ಕಾರ್ಖಾನೆ ಕಾಡತೂಸಿನಲ್ಲಿ ಹೀಗೆ ಹೊಡೆಯುವುದು ಸಣ್ಣ ಮಾತಲ್ಲ.

ಮಜಲ್ ಬ್ರೇಕ್ ಬಗ್ಗೆ ಮಾತ್ರ ನನ್ನ ತಕರಾರಿದೆ. ಹಿಂದೊದೆತ ತಗ್ಗುವುದು ನಿಜ, ಭುಜ ಸಂಜೆಯವರೆಗೂ ದೂರಲಿಲ್ಲ. ಆದರೆ ಬಾಯಿಂದ ಮುಂದಕ್ಕೆ ಹೋಗಬೇಕಾದ ಅನಿಲ ಸುತ್ತಲಿನ ರಂಧ್ರಗಳಿಂದ ಪಕ್ಕಕ್ಕೆ ಚಿಮ್ಮುವುದರಿಂದ, ಕಿವಿಯೊಳಗೆ ಬಿರಡೆ, ಅದರ ಮೇಲೆ ಕಿವಿಗವಸು ಎರಡೂ ಹಾಕಿಕೊಂಡಿದ್ದರೂ ಪಕ್ಕದ ಬೆಂಚಿನಲ್ಲಿದ್ದ ಅಳಿಯ ಪ್ರತಿ ಸಲವೂ ಕಣ್ಣು ಮುಚ್ಚುತ್ತಿದ್ದ. ಕಾಡಿನಲ್ಲಿ ಕಿವಿಗೆ ಏನೂ ಇಲ್ಲದೆ ಇದನ್ನು ಹಾರಿಸುವವರ ಶ್ರವಣಶಕ್ತಿಯ ಬಗ್ಗೆ ನನಗೆ ಚಿಂತೆಯಾಗುತ್ತದೆ. ತಿರುಪು ಬಿಚ್ಚಿ ತೆಗೆದಿಡಬಹುದಾದ ವಸ್ತುವಾದ್ದರಿಂದ ಇದು ದೊಡ್ಡ ದೋಷವೇನಲ್ಲ.

ಎರಡನೆಯ ದಿನ 500 ಗಜಕ್ಕೆ ಹೋದೆವು. ನೂರು ಗಜಕ್ಕೆ ಹೊಂದಿಸಿದ ಈ ರೈಫಲಿನ ಗುಂಡು 500 ಗಜ ಮುಟ್ಟುವ ಹೊತ್ತಿಗೆ ದೃಷ್ಟಿರೇಖೆಗಿಂತ ಸುಮಾರು ಒಂದೂವರೆ ಮೀಟರು ಕೆಳಗಿಳಿದಿರುತ್ತದೆ. ಅದು ಲೆಕ್ಕದ ವಿಷಯ. ಸ್ಕೋಪಿನ ಗುಂಡಿಯನ್ನು ಅಷ್ಟು ತಿರುಗಿಸಿದರೆ ಮುಗಿಯಿತು. ಲೆಕ್ಕಕ್ಕೆ ಸಿಗದಿರುವುದು ಗಾಳಿ. ಗಂಟೆಗೆ 16 ಕಿಲೋಮೀಟರು ವೇಗದ ಅಡ್ಡಗಾಳಿ ಇದೇ ಗುಂಡನ್ನು ಅಷ್ಟು ದೂರದಲ್ಲಿ ಹತ್ತಿರ ಹತ್ತಿರ 40 ಸೆಂಟಿಮೀಟರು ಪಕ್ಕಕ್ಕೆ ಒಯ್ಯುತ್ತದೆ, ಮತ್ತು ಆ ಗಾಳಿ ಬೆಂಚಿನ ಬಳಿ ಒಂದು ರೀತಿ, ನಡುದಾರಿಯ ಹಳ್ಳದಲ್ಲಿ ಇನ್ನೊಂದು ರೀತಿ ಬೀಸುತ್ತಿರುತ್ತದೆ. ನನ್ನ ಐದು ತೂತುಗಳು ಎತ್ತರದಲ್ಲಿ ಒಂದು ಗೇಣಿನೊಳಗಿದ್ದವು. ಅಗಲದಲ್ಲಿ ಎರಡು ಗೇಣು ಹರಡಿದ್ದವು.

ಈ ಹಾಳೆಯನ್ನೇ ಬಾಲೇವಾಡಿಯಲ್ಲಿ ಎಲ್ಲರೂ ಹೆಚ್ಚು ಹೊತ್ತು ನೋಡಿದ್ದು. ನಮ್ಮೊಡನಿರುವ ಕೊಡಗಿನ ನಿವೃತ್ತ ಸುಬೇದಾರರು, ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಈಗಲೂ ಹೊಡೆದು ಕೆಡವುವವರು, ಕನ್ನಡಕ ಹಣೆಗೇರಿಸಿ ಹಾಳೆಯ ಮೇಲೆ ಬೆರಳಾಡಿಸಿ, “ರಾಯರೇ, ಮೇಲೆ ಕೆಳಗೆ ಹೋಗಿರುವುದು ಬಂದೂಕಿನ ಪಾಲು. ಅಡ್ಡಕ್ಕೆ ಹೋಗಿರುವುದೆಲ್ಲ ನಿಮ್ಮದು” ಎಂದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. 50 ಮೀಟರ್ ಸ್ಪರ್ಧೆಗೆ ತಯಾರಾಗುತ್ತಿರುವ ಧಾರವಾಡದ ಹುಡುಗಿಯೊಬ್ಬಳು ಕೇಳಿದ್ದು ಟ್ರಿಗರಿನ ಭಾರವೆಷ್ಟೆಂದು, ಅಂದರೆ ಅದನ್ನು ಎಳೆಯಲು ಎಷ್ಟು ಬಲ ಬೇಕೆಂದು. ಇದರಲ್ಲಿ 3ರಿಂದ 5 ಪೌಂಡಿನವರೆಗೆ ಹೊಂದಿಸಿಕೊಳ್ಳಬಹುದು, ಅತಿ ಹಗುರವೆಂದರೆ 1 ಕಿಲೋ 360 ಗ್ರಾಂ ಎಂದೆ. “ಅಂದ್ರ ಬಾವ್ಯಾಗಿಂದ ಕೊಡಾ ಸೇದಿದಂಗ ಆತಲ್ರಿ ಕಾಕಾ” ಎಂದು ಅವಳು ನಕ್ಕಳು. ಉಸಿರು ತಾಗಿದರೆ ಬಿಡುಗಡೆಯಾಗುವ ಸ್ಪರ್ಧೆಯ ಟ್ರಿಗರಿಗೆ ಒಗ್ಗಿದ ಬೆರಳಿಗೆ ಹಾಗನ್ನಿಸುವುದು ಸಹಜ. 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್ ಸ್ಪರ್ಧೆಯ ನಿಯಮವೇ ಕನಿಷ್ಠ 1500 ಗ್ರಾಂ ಕೇಳುತ್ತದೆಂದು ಸುಬೇದಾರರು ನೆನಪಿಸಿದ ಮೇಲೂ ಅವಳ ಮುಖದ ಅನುಮಾನ ಹೋಗಲಿಲ್ಲ.

ಖಾನಾಪುರದ ಕಬ್ಬಿನ ರೈತ ಮನೆತನದ ಗೆಳೆಯರ ಪ್ರಶ್ನೆ ಬೇರೆ ಬಗೆಯದು. ಅವರ ಮನೆಯಲ್ಲಿ ಬೆಳೆ ರಕ್ಷಣೆಗೆಂದು ಅಜ್ಜನ ಕಾಲದಿಂದ ಇಚ್ಛಾಪುರ ಕಾರ್ಖಾನೆಯ .315 ರೈಫಲ್ ಇದೆ. ಸೈನ್ಯದ .303 ಅನ್ನು ಜನರ ಕೈಗೆ ಕೊಡಲು ಒಪ್ಪದ ಬ್ರಿಟಿಷರ ಕಾಲದಲ್ಲಿ ನಮ್ಮಲ್ಲಿ ಬೇರೂರಿದ ಅಳತೆ ಅದು. ಅದನ್ನು ಕೊಟ್ಟು ಇದನ್ನು ತರಬಹುದೇ ಎಂದು ಅವರು ಕೇಳಿದರು. ವಿದೇಶಿ ರೈಫಲ್ ತರಿಸುವ ಅನುಮತಿ ಹೆಸರಾಂತ ಸ್ಪರ್ಧಾಳುಗಳಿಗೆ ಸಿಗುವುದುಂಟು. ಸಾಮಾನ್ಯ ಪರವಾನಗಿದಾರನಿಗೆ ಅದು ಹೆಚ್ಚುಕಡಿಮೆ ಮುಚ್ಚಿದ ಬಾಗಿಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಇಲ್ಲಿ ಬೇಟೆಯ ಮಾತೇ ಇಲ್ಲ, ಬೆಳೆ ತಿನ್ನುವ ಹಂದಿಗೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಅಪ್ಪಣೆ ಸಿಕ್ಕರೂ ಕಬ್ಬಿನ ಗದ್ದೆಯಲ್ಲಿ ಹಂದಿ ಕಾಣುವುದು 40 ಮೀಟರಿನಲ್ಲಿ, ಅಷ್ಟಕ್ಕೆ ಅಜ್ಜನ ರೈಫಲೇ ಸಾಕು.

ಅಳಿಯನಿಗೆ ಮಾತ್ರ ಕೊಳ್ಳು ಎಂದು ಹೇಳಿದ್ದೇನೆ, ಇದೇ 6.5 ಕ್ರೀಡ್‌ಮೂರ್ ಅಳತೆಯಲ್ಲಿ. ಇದೇ ರೈಫಲ್ .300 ವಿಂಚೆಸ್ಟರ್ ಮ್ಯಾಗ್ನಮ್‌ನಲ್ಲೂ ಸಿಗುತ್ತದೆ, ಆದರೆ ಇಷ್ಟು ಹಗುರವಾದ ಬಂದೂಕಿನಲ್ಲಿ ಅಷ್ಟು ದೊಡ್ಡ ಕಾಡತೂಸು ಹೊಸಬನಿಗೆ ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಟ್ರಿಗರ್ ಎಳೆಯುವುದನ್ನು ಕಲಿಸುತ್ತದೆ. ಜಿಂಕೆಯ ಮೇಲೆ 300 ಗಜದಾಚೆ ಹಾರಿಸಕೂಡದು ಎಂಬುದು ನಾನು ಹಾಕಿದ ಷರತ್ತು. ಗುಂಡು 500 ಗಜ ಕ್ರಮಿಸಲು ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ, ಅಷ್ಟರಲ್ಲಿ ಜಿಂಕೆ ಒಂದು ಹೆಜ್ಜೆ ಮುಂದಿಟ್ಟರೆ ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ಅವನು ಒಪ್ಪಿದ್ದಾನೆ, ಸ್ಕೋಪನ್ನು ಈ ಸಲ ತಾನೇ ಕೂರಿಸುತ್ತಾನಂತೆ.