ಈಕೋ ಕ್ಯಾಂಪರ್: ಯಾವ ಬ್ಯಾಟರಿ, ಯಾವ ಶೀಟ್?

ದಾವಣಗೆರೆಯಲ್ಲಿ ಮಾರುತಿ ಈಕೋ ವ್ಯಾನನ್ನು ಕ್ಯಾಂಪರ್ (ಒಳಗೇ ಮಲಗಿ ಪ್ರವಾಸ ಮಾಡುವ ಗಾಡಿ) ಮಾಡಿಸುವವರಿಗೆ ಮೊದಲ ಗೊಂದಲ ಒಳಗಿನ ಲೈಟು, ಫ್ಯಾನಿಗೆ ಬೇಕಾದ ಬ್ಯಾಟರಿಯದ್ದು. 12 ವೋಲ್ಟ್, 100 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಸಾಮರ್ಥ್ಯದ ಅಳತೆ) ಲೆಡ್ ಆಸಿಡ್ ಅಗ್ಗ. ಆದರೆ ಸುಮಾರು 30 ಕೆಜಿ ಭಾರ, ಪದೇ ಪದೇ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ 12 ಕೆಜಿ ಆಸುಪಾಸು. ಶೇಕಡಾ 80ರಷ್ಟು ಧೈರ್ಯವಾಗಿ ಬಳಸಬಹುದು. ದುಬಾರಿ ನಿಜ, ಜೊತೆಗೆ ಗಾಡಿ ಓಡುವಾಗ ಈ ಬ್ಯಾಟರಿ ತುಂಬಿಸುವ ಡಿಸಿ-ಡಿಸಿ ಚಾರ್ಜರ್ ಖರ್ಚೂ ಸೇರುತ್ತದೆ. ತಿಂಗಳಿಗೆರಡು ಸಲ ಹೊರಡುವವರು ಲಿಥಿಯಂ ತಗೊಳ್ಳಿ. ವರ್ಷಕ್ಕೊಮ್ಮೆ ಹೋಗಲು ಸುಮ್ನೆ ಯಾಕೆ ಅಷ್ಟು ಹಣ?

ಇನ್ನು ಸದ್ದು. ಇಂಜಿನ್ ಮುಂದಿನ ಸೀಟಿನ ಕೆಳಗೇ ಇದೆ, ಅಲ್ವಾ? ತಗಡಿನ ನಡುಕ ತಡೆಯಲು ಅದಕ್ಕೆ ಅಂಟಿಸುವ ಬ್ಯೂಟೈಲ್ (ರಬ್ಬರ್ ಜಾತಿಯ) ಶೀಟೇ ಸರಿ. ಟಾರ್ (ಡಾಂಬರು) ಶೀಟ್ ಅಗ್ಗವಾದರೂ ನಮ್ಮ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ವಾಸನೆ ಬರುತ್ತದೆ. ಸದ್ದು ಹೀರುವ ಫೋಮ್ ಆಮೇಲೆ ನೋಡಿ.

ಸೀಟು ಬಿಚ್ಚಿಸುವ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ.