ಸ್ಕೂಬಾ ಸಿಲಿಂಡರಿಗೆ ಬೂಟ್: ಸ್ಟೀಲಿಗೆ ಹಾಕಿ, ಅಲ್ಯೂಮಿನಿಯಂಗೆ ಬೇಡ

ನೀರೊಳಗೆ ಉಸಿರಾಡೋಕೆ ಬೆನ್ನಿಗೆ ಕಟ್ಕೊಳ್ಳೋ ಗಾಳಿ ಸಿಲಿಂಡರನ್ನ ಸ್ವಂತಕ್ಕೆ ತಗೊಳ್ಳೋಕೆ ಹೊರಟವ್ರೆಲ್ಲ ಕೇಳ್ತಾರೆ, ತಳಕ್ಕೆ ಬಟ್ಟಲಿನ ಥರ ತೊಡಿಸೋ ಆ ಪ್ಲಾಸ್ಟಿಕ್ ಬೂಟ್ ಬೇಕಾ ಬೇಡ್ವಾ ಅಂತ. ಎಂಥ ಸಿಲಿಂಡರ್ ಅನ್ನೋದರ ಮೇಲೆ ಹೋಗತ್ತೆ. ನಾನಿರೋದು ಇಂಗ್ಲೆಂಡಲ್ಲಿ, ಇಲ್ಲಿ ಕ್ಲಬ್ಬುಗಳಲ್ಲಿ ಡೈವ್ ಮಾಡೋರ ಹತ್ರ ಹೆಚ್ಚಾಗಿ ಇರೋದು 12 ಲೀಟರಿನ ಸ್ಟೀಲ್ ಸಿಲಿಂಡರ್, 232 ಬಾರ್ ಒತ್ತಡದ್ದು, ಅದರ ತಳ ಗುಂಡಗೆ, ಹಾಗಾಗಿ ಬೂಟಿಲ್ಲದೆ ನಿಲ್ಲೋದೇ ಇಲ್ಲ. ರಜಕ್ಕೆ ಊರಿಗೆ ಬಂದು ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋದ್ರೆ ಬೋಟಲ್ಲಿ ಕೈಗೆ ಸಿಗೋದು ಅಲ್ಯೂಮಿನಿಯಂ 80, ಅಂದ್ರೆ ಸುಮಾರು 80 ಘನ ಅಡಿ ಗಾಳಿ ಹಿಡಿಯೋದು, ಚಪ್ಪಟೆ ತಳದ್ದು, ತಾನಾಗೇ ನಿಲ್ಲತ್ತೆ.

ಅಲ್ಯೂಮಿನಿಯಂಗೆ ಬೂಟ್ ಹಾಕೋದು ದುಡ್ಡು ದಂಡ ಅಂತ್ಲೇ ನಾನು ಹೇಳೋದು. ಕೆಳಗೆ ಕುಕ್ಕಿದ್ರೆ ತಳ ಹಾಳಾಗತ್ತೆ ಅಂತ ಕೆಲವರಿಗೆ ಭಯ, ಆದ್ರೆ ಆ ಸಿಲಿಂಡರಿನ ತಳ ಪಕ್ಕದ ಗೋಡೆಗಿಂತ ದಪ್ಪ ಇರತ್ತೆ, ನಾಲ್ಕು ಗೀರು ಬಿದ್ರೆ ಏನೂ ಆಗಲ್ಲ. ಬೂಟಿಂದ ಉಳಿಯೋದು ಸಿಲಿಂಡರಲ್ಲ, ಸ್ವಿಮ್ಮಿಂಗ್ ಪೂಲಿನ ಟೈಲ್ಸು ಮತ್ತೆ ಬೋಟಿನ ಡೆಕ್ಕು. ಅದೂ ಮುಖ್ಯಾನೇ, ಪೂಲಲ್ಲಿ ಟ್ರೈನಿಂಗ್ ಕೊಡೋರಿಗೆ ಬೂಟ್ ಬೇಕೇ ಬೇಕು, ಖಾಲಿ ಇದ್ರೂ 14 ಕೆಜಿ ಇರೋ ವಸ್ತು ಟೈಲ್ ಮೇಲೆ ಬಿದ್ರೆ ಟೈಲ್ ಒಡೆಯತ್ತೆ. ಸಮುದ್ರಕ್ಕೆ ಹೋಗೋರಿಗೆ ಮಾತ್ರ ಅದರಿಂದ ಉಪಕಾರಕ್ಕಿಂತ ತೊಂದ್ರೆನೇ ಜಾಸ್ತಿ.

ನಿಜವಾದ ತೊಂದ್ರೆ ಬೂಟಿನ ಒಳಗೆ ನಿಲ್ಲೋ ಉಪ್ಪುನೀರು. ಹಳೇ ಥರದ ದಪ್ಪ ಕರೀ ರಬ್ಬರ್ ಬೂಟ್ ಇರತ್ತಲ್ಲ, ತೂತಿಲ್ಲ ಏನಿಲ್ಲ, ಸಿಲಿಂಡರಿಗೆ ಬಿಗಿಯಾಗಿ ಕಚ್ಕೊಂಡಿರತ್ತೆ, ಅದನ್ನ ಒಂದು ಸೀಸನ್ ಆದ್ಮೇಲೆ ಕಿತ್ತು ನೋಡಿ. ಮೊದಲು ಒಂಚೂರು ನಾತ ಹೊಡೆಯೋ ನೀರು ಸುರಿಯತ್ತೆ, ಆಮೇಲೆ ಮರಳು, ಚಿಪ್ಪಿನ ಚೂರು, ಸ್ಟೀಲಾದ್ರೆ ಬೂಟಿನ ಅಂಚಿದ್ದ ಜಾಗದಲ್ಲಿ ಸುತ್ತಲೂ ಪೇಂಟ್ ಉಬ್ಬಿ ಕೆಳಗೆ ಕೆಂಪು ತುಕ್ಕು, ಅಲ್ಯೂಮಿನಿಯಂ ಆದ್ರೆ ಬಿಳೀ ಪುಡಿ, ಆ ಪುಡಿ ಕೆರೆದ್ರೆ ಒಳಗೆ ಸಣ್ಣ ಸಣ್ಣ ಗುಳಿಗಳು. ಒಳಗೆ ಸೇರಿದ ಮರಳು ಪ್ರತಿ ಸಲ ಎತ್ತಿ ಇಳಿಸಿದಾಗ್ಲೂ ಉಪ್ಪುಕಾಗದದ ಥರ ಪೇಂಟ್ ಉಜ್ಜತ್ತೆ, ಪೇಂಟ್ ಹೋಗಿ, ಸ್ಟೀಲಾದ್ರೆ ಅದರ ಕೆಳಗಿನ ಸತುವಿನ ಲೇಪನೂ ಸವೆದ್ಮೇಲೆ ಉಪ್ಪಿಗೆ ದಾರಿ ಸಲೀಸು. ಹೊರಗಿಂದ ನೋಡಿದ್ರೆ ಸಿಲಿಂಡರ್ ಥಳಥಳ ಅಂತಿರತ್ತೆ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಟೆಸ್ಟಿಂಗಿಗೆ ಕೊಟ್ಟಾಗ ಅವರು ಬೂಟ್ ಬಿಚ್ಚಿಸಿನೇ ನೋಡೋದು, ಗುಳಿ ಆಳ ಆಗಿದ್ರೆ ಸಿಲಿಂಡರ್ ರಿಜೆಕ್ಟ್. ಇಲ್ಲಿ ಎರಡೂವರೆ ವರ್ಷಕ್ಕೊಮ್ಮೆ ಕಣ್ಣಲ್ಲಿ ನೋಡೋ ತಪಾಸಣೆ, 5 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದ್ರೆ ನೀರು ತುಂಬಿ ಒತ್ತಡ ಕೊಟ್ಟು ನೋಡೋದು. ಅಲ್ಲೀವರೆಗೆ ಬೂಟ್ ಬಿಚ್ಚದೇ ಕೂತ್ಕೊಂಡ್ರೆ ಒಂದು ಬೂಟಿನ ದೆಸೆಯಿಂದ ಇಡೀ ಸಿಲಿಂಡರ್ ಕಳ್ಕೋಬೇಕಾಗತ್ತೆ.

ನಾನೀಗ ನನ್ನ ಸ್ಟೀಲಿಗೆ ಹಾಕಿರೋದು ಗಟ್ಟಿ ಪ್ಲಾಸ್ಟಿಕ್ಕಿಂದು, ಒಳಗೋಡೆಯಲ್ಲಿ ಉದ್ದುದ್ದ ಏಣುಗಳಿವೆ, ತಳದಲ್ಲಿ ದೊಡ್ಡ ತೂತುಗಳು. ಏಣಿರೋದ್ರಿಂದ ಬೂಟಿಗೂ ಸಿಲಿಂಡರಿಗೂ ಮಧ್ಯ ಸಂದಿ ಉಳಿಯತ್ತೆ, ನೀರಿಂದ ಮೇಲೆ ಬಂದ ಕೂಡ್ಲೇ ಸೋರಿ ಹೋಗತ್ತೆ, ಪೈಪಲ್ಲಿ ಸಿಹಿನೀರು ಬಿಟ್ರೆ ಮೇಲಿಂದ ಹೊಕ್ಕು ಕೆಳಗಿಂದ ಬರತ್ತೆ. ಹೊರಗಿನ ಅಂಚು ದುಂಡಗಿಲ್ಲ, ಪಟ್ಟಿ ಪಟ್ಟಿ ಇದೆ, ಮಲಗಿಸಿದಾಗ ಸುಮ್ಸುಮ್ನೆ ಉರುಳಲ್ಲ, ಇದು ನಂಗೆ ಬಹಳ ಇಷ್ಟ ಆಯ್ತು. ಇಷ್ಟ ಆಗ್ದೇ ಇರೋದು ಅಂದ್ರೆ ಕೆಲವು ಬೋಟುಗಳ ರ್‍ಯಾಕಿನ ಗುಂಡಿಯೊಳಗೆ ಬೂಟ್ ಸಮೇತ ಇಳಿಯಲ್ಲ, ಮತ್ತೆ ಉದ್ದ ಸ್ವಲ್ಪ ಜಾಸ್ತಿ ಆಗೋದ್ರಿಂದ ಕುಳ್ಳಗಿರೋರಿಗೆ ಹಿಂದೆ ತಾಗತ್ತೆ. ಗುಹೆ, ಹಡಗಿನ ಅವಶೇಷ ಅಂತ ಒಳಗೆ ನುಗ್ಗೋರು ಬೂಟ್ ಬೇಡ ಅಂತಾರೆ, ದಾರಿ ತೋರಿಸೋ ದಾರ ಅದರ ಅಂಚಿಗೆ ಸಿಕ್ಕಾಕೊಳ್ಳತ್ತೆ ಅಂತ, ಅದು ಸರಿಯಾದ ಮಾತೇ.

ಆದ್ರೆ ತೂತಿರೋ ಬೂಟಾದ್ರೂ ಬಿಚ್ಚದೇ ಬಿಡೋ ಹಾಗಿಲ್ಲ. ಸ್ಟೋನಿ ಕೋವ್ ಥರದ ಸಿಹಿನೀರಿನ ಕ್ವಾರಿಗೆ ಹೋಗಿ ಬಂದ್ರೆ ಅಷ್ಟು ತಲೆ ಕೆಡಿಸ್ಕೊಳ್ಳೋದು ಬೇಡ, ಸ್ವಾನೇಜಿಗೋ ಪ್ಲಿಮತ್ತಿಗೋ ಸಮುದ್ರಕ್ಕೆ ಹೋಗಿ ಬಂದ್ರೆ ಮಾತ್ರ ನೀರು ಬಿಟ್ಟು ತೊಳೀಲೇಬೇಕು, ಸೀಸನ್ ಮುಗಿದ ಮೇಲೆ ಪೂರ್ತಿ ಕಿತ್ತು ಒಣಗಿಸಲೇಬೇಕು. ನಮ್ಮ ಕರಾವಳಿಯಲ್ಲಿ ಇದು ಇನ್ನೂ ಮುಖ್ಯ, ಯಾಕಂದ್ರೆ ಜೂನಿಂದ ಸೆಪ್ಟೆಂಬರ್ ತನಕ ಮಳೆಗೆ ಡೈವಿಂಗ್ ಬಂದ್, ಸಿಲಿಂಡರ್ ಮೂಲೇಲಿ ಕೂತಿರತ್ತೆ, ಬೂಟಿನೊಳಗೆ ಉಳಿದ ಉಪ್ಪು ಮಳೆಗಾಲದ ಗಾಳಿಯಿಂದ್ಲೇ ತೇವ ಎಳ್ಕೊಂಡು ಲೋಹ ತಿನ್ನೋದಕ್ಕೆ ಶುರು ಮಾಡತ್ತೆ. ಮೇ ಕೊನೇಲಿ ಬೂಟ್ ಕಿತ್ತಿಟ್ಟವರ ಸಿಲಿಂಡರ್ ಆ ನಾಲ್ಕು ತಿಂಗಳು ಬಚಾವ್.

ಬಿಚ್ಚೋದು ಕಷ್ಟ ಅಂತ ಸ್ಕ್ರೂಡ್ರೈವರ್ ತೂರಿಸಿ ಮೀಟ್ಬೇಡಿ, ದಯವಿಟ್ಟು, ಗೀರು ಬಿದ್ದಲ್ಲೇ ತುಕ್ಕು ಹಿಡಿಯತ್ತೆ. ಬಿಸಿನೀರಿನ ಬಕೆಟ್ಟಲ್ಲಿ ತಳ ಮಾತ್ರ ಸ್ವಲ್ಪ ಹೊತ್ತು ಇಟ್ರೆ ಪ್ಲಾಸ್ಟಿಕ್ ಮೆತ್ತಗಾಗತ್ತೆ, ಟವೆಲ್ ಮೇಲೆ ಮಲಗಿಸಿ ರಬ್ಬರ್ ಸುತ್ತಿಗೆಯಿಂದ ಅಂಚಿನ ಸುತ್ತ ತಟ್ಟುತ್ತಾ ಬಂದ್ರೆ ಜಾರತ್ತೆ. ವಾಪಸ್ ಹಾಕೋವಾಗ್ಲೂ ಅದೇ ಬಿಸಿನೀರು ಸಾಕು.

ಇನ್ನೊಂದು, ಬೂಟಿದೆ ನಿಲ್ಲತ್ತೆ ಅಂತ ತುಂಬಿದ ಸಿಲಿಂಡರನ್ನ ಅಲುಗಾಡೋ ಬೋಟಲ್ಲಿ ನಿಲ್ಲಿಸಿಟ್ಟು ಆಕಡೆ ಹೋಗೋರನ್ನ ನೋಡಿದ್ರೆ ನಂಗೆ ಎದೆ ಧಸಕ್ ಅನ್ನತ್ತೆ. ಉರುಳಿ ಬಿದ್ರೆ ವಾಲ್ವ್ ಹೊಡ್ಕೊಳ್ಳತ್ತೆ ಅಥವಾ ಯಾರದೋ ಕಾಲು ಜಜ್ಜತ್ತೆ. ಕೈ ಬಿಟ್ಟು ಹೋಗೋದಾದ್ರೆ ಮಲಗಿಸಿ, ಇಲ್ಲಾ ಕಟ್ಟಿ.

ತಗೊಳ್ಳೋರು ಲೀಟರ್ ಲೆಕ್ಕ ಹೇಳಿ ಆರ್ಡರ್ ಮಾಡ್ಬೇಡಿ. 12 ಲೀಟರಿಂದು ಅಂದ್ರೂ ತೆಳ್ಳಗೆ ಉದ್ದ ಇರೋ 171 ಮಿಮೀ ವ್ಯಾಸದ್ದೂ ಇದೆ, ಗಿಡ್ಡ ದಪ್ಪ ಇರೋ 204 ಮಿಮೀದೂ ಇದೆ, ಒಂದರ ಬೂಟ್ ಇನ್ನೊಂದಕ್ಕೆ ಹತ್ತಲ್ಲ. ಟೇಪಲ್ಲಿ ಸುತ್ತಳತೆ ತಗೊಂಡು 3.14ರಿಂದ ಭಾಗಿಸಿ, ಆ ಸೈಜು ಹೇಳಿ, ಒಳಗೆ ಏಣು ತೂತು ಎರಡೂ ಇದೆಯಾ ಅಂತ ಕೇಳಿ ತಗೊಳ್ಳಿ.